ಬಸ್ಸು ನಾಲ್ಕು ಜಿಲ್ಲೆ ದಾಟಿದ ಮೇಲೆ ದೂರು ಎಲ್ಲಿ ಕೊಡಬೇಕು?

ಪ್ರಶ್ನೆ: ಹುಬ್ಬಳ್ಳಿಯಿಂದ ಬೆಂಗಳೂರಿಗೆ ರಾತ್ರಿ ಬಸ್ಸಿನಲ್ಲಿ ಒಬ್ಬಳೇ ಬರುತ್ತಿದ್ದೆ. ನಿದ್ದೆಯಲ್ಲಿದ್ದಾಗ ಹಿಂದಿನ ಸೀಟಿನವನು ಮೈಮೇಲೆ ಕೈ ಹಾಕಿದ. ಆಗ ಬಸ್ಸು ಯಾವ ಊರಿನ ಬಳಿ ಇತ್ತೋ ತಿಳಿಯದು. ಬೆಳಿಗ್ಗೆ ಬೆಂಗಳೂರಿನಲ್ಲಿ ಇಳಿದು ಠಾಣೆಗೆ ಹೋದರೆ, ಘಟನೆ ನಡೆದ ಊರಿನಲ್ಲೇ ದೂರು ಕೊಡಬೇಕು ಎಂದು ಕಳಿಸಿದರು. ನಾನೀಗ ವಾಪಸು ಹೋಗಬೇಕೇ?

ಉತ್ತರ: ಬೇಕಿಲ್ಲ. ಆ ಠಾಣೆಯವರೇ ನಿಮ್ಮ ದೂರನ್ನು ದಾಖಲಿಸಿಕೊಳ್ಳಬೇಕಿತ್ತು. ಬಸ್ಸಿನ ಜಾಗದಲ್ಲಿ ರೈಲು, ಹುಬ್ಬಳ್ಳಿಯ ಜಾಗದಲ್ಲಿ ಕಲಬುರಗಿಯೋ ಮಂಗಳೂರೋ ಬರುತ್ತದೆ ಎನ್ನುವುದನ್ನು ಬಿಟ್ಟರೆ ಈ ಪ್ರಶ್ನೆ ಬದಲಾಗುವುದೇ ಇಲ್ಲ. ನಾನೂ ಅದೇ ಉತ್ತರವನ್ನು ಬರೆದು ಬರೆದು ದಣಿದಿದ್ದೇನೆ. ಆದ್ದರಿಂದ ಈ ಸಲ ಉತ್ತರಕ್ಕಿಂತ ಹೆಚ್ಚಾಗಿ, ಉತ್ತರವನ್ನು ಯಾರೂ ನಂಬದಂತೆ ಮಾಡಿರುವ ಆ ತಪ್ಪು ತಿಳಿವಳಿಕೆಯ ಬುಡಕ್ಕೇ ಕೈ ಹಾಕುತ್ತೇನೆ.

‘ಇದು ನಮ್ಮ ಸರಹದ್ದಿಗೆ ಬರುವುದಿಲ್ಲ’ ಎಂಬ ಮಾತು ಪೂರ್ತಿ ಸುಳ್ಳಾಗಿದ್ದರೆ ಎಂದೋ ಅಳಿದುಹೋಗುತ್ತಿತ್ತು. ಅದು ಉಳಿದಿರುವುದು ಅರ್ಧ ನಿಜವಾಗಿರುವುದರಿಂದ. ಸ್ಥಳ ಮಹಜರು ಮಾಡುವುದು, ಸಾಕ್ಷಿಗಳ ಹೇಳಿಕೆ ಪಡೆಯುವುದು, ಆರೋಪಪಟ್ಟಿ ಸಲ್ಲಿಸುವುದು ಇವೆಲ್ಲ ತನಿಖೆಯ ಭಾಗ, ತನಿಖೆಗೆ ಸರಹದ್ದು ಇದೆ. ಆದರೆ ದೂರನ್ನು ಬರೆದುಕೊಳ್ಳುವುದು ತನಿಖೆಯಲ್ಲ, ತನಿಖೆಗಿಂತ ಮೊದಲಿನ ಹೆಜ್ಜೆ; ಅದಕ್ಕೆ ಸರಹದ್ದು ಇಲ್ಲ. ಈ ವ್ಯತ್ಯಾಸ ಠಾಣೆಯ ರೈಟರ್‌ಗೆ ತಿಳಿದಿಲ್ಲ ಎಂದು ನಾನಂತೂ ನಂಬಲಾರೆ. ತಿಳಿಯದಿರುವುದು ಎದುರಿಗೆ ನಿಂತ ನಮಗೆ, ಮತ್ತು ಪ್ರತಿ ಸಲ ‘ಅವರು ಹೇಳಿದ ಮೇಲೆ ಸರಿಯೇ ಇರಬೇಕು’ ಎಂದು ಸಮಾಧಾನ ಹೇಳಿ ಮನೆಗೆ ಕರೆದೊಯ್ಯುವ ನಮ್ಮ ಅಣ್ಣಂದಿರಿಗೆ, ಮಾವಂದಿರಿಗೆ.

2013ರಲ್ಲಿ, ಮಹಿಳೆಯರ ಮೇಲಿನ ಲೈಂಗಿಕ ಅಪರಾಧಗಳ ಕಾನೂನನ್ನು ಪರಿಶೀಲಿಸಿದ ನ್ಯಾಯಮೂರ್ತಿ ಜೆ.ಎಸ್. ವರ್ಮಾ ಸಮಿತಿಯ ವರದಿ ಬಂದ ನಂತರ, ಸರಹದ್ದು ನೋಡದೆ ‘ಝೀರೋ ಎಫ್‌ಐಆರ್’ ದಾಖಲಿಸುವಂತೆ ಕೇಂದ್ರ ಗೃಹ ಸಚಿವಾಲಯ ರಾಜ್ಯಗಳಿಗೆ ಸೂಚಿಸಿತ್ತು. ಅದೇ ವರ್ಷ ನವೆಂಬರಿನಲ್ಲಿ ಲಲಿತಾ ಕುಮಾರಿ ಪ್ರಕರಣದಲ್ಲಿ, ಸಂಜ್ಞೇಯ ಅಪರಾಧದ, ಅಂದರೆ ವಾರಂಟ್ ಇಲ್ಲದೆಯೇ ಪೊಲೀಸರು ಬಂಧಿಸಬಹುದಾದ ಅಪರಾಧದ ಮಾಹಿತಿ ಬಂದರೆ ಎಫ್‌ಐಆರ್ ಕಡ್ಡಾಯ ಎಂದು ಸುಪ್ರೀಂ ಕೋರ್ಟ್ ಹೇಳಿತು. ಆಗ ಸೂಚನೆಯಾಗಿದ್ದದ್ದು ಈಗ ಕಾನೂನೇ ಆಗಿದೆ. 2024ರ ಜುಲೈ 1ರಿಂದ ಜಾರಿಯಲ್ಲಿರುವ, ಪೊಲೀಸರು ಮತ್ತು ನ್ಯಾಯಾಲಯಗಳು ಅನುಸರಿಸಬೇಕಾದ ಕ್ರಮವನ್ನು ಹೇಳುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಕಲಂ, ಅಪರಾಧ ಯಾವ ಪ್ರದೇಶದಲ್ಲೇ ನಡೆದಿರಲಿ ಅದರ ಮಾಹಿತಿಯನ್ನು ಠಾಣೆಗೆ ಬಾಯಿಮಾತಿನಲ್ಲಾದರೂ ವಿದ್ಯುನ್ಮಾನ ಮಾಧ್ಯಮದ ಮೂಲಕವಾದರೂ ಕೊಡಬಹುದು ಎನ್ನುತ್ತದೆ. ಎರಡನೆಯ ರೀತಿಯಲ್ಲಿ ಕೊಟ್ಟರೆ 3 ದಿನಗಳೊಳಗೆ ಸಹಿ ಹಾಕಬೇಕು. ನಿಮ್ಮದು ಈ ಸಂಹಿತೆಯ ಜೊತೆಯಲ್ಲೇ ಬಂದ, ಅಪರಾಧ ಮತ್ತು ಶಿಕ್ಷೆಗಳನ್ನು ಹೇಳುವ ಭಾರತೀಯ ನ್ಯಾಯ ಸಂಹಿತೆಯ 74ನೇ ಕಲಮಿನ ಅಪರಾಧ, ಅಂದರೆ ಹೆಂಗಸಿನ ಮಾನಭಂಗದ ಉದ್ದೇಶದಿಂದ ಮಾಡಿದ ಬಲಪ್ರಯೋಗ. 1ರಿಂದ 5 ವರ್ಷಗಳ ಸೆರೆವಾಸವಿರುವ, ಸಂಜ್ಞೇಯವಾದ ಅಪರಾಧ. ಇಂಥ ದೂರನ್ನು ಮಹಿಳಾ ಅಧಿಕಾರಿಯೇ ಬರೆದುಕೊಳ್ಳಬೇಕು, ಪ್ರತಿಯನ್ನು ಉಚಿತವಾಗಿ ಕೊಡಬೇಕು.

ಹೆಸರಿನಲ್ಲಿರುವ ಸೊನ್ನೆಗೆ ಹೆದರುವವರೂ ಇದ್ದಾರೆ. ಸೊನ್ನೆ ಎಂದರೆ ಬೆಲೆಯಿಲ್ಲದ ದೂರು ಎಂದು ಭಾವಿಸುತ್ತಾರೆ. ಪ್ರತಿ ಠಾಣೆಯೂ ತನ್ನ ಪ್ರಕರಣಗಳಿಗೆ ಆ ವರ್ಷದ ಕ್ರಮಸಂಖ್ಯೆ ಕೊಡುತ್ತದೆ. ತನ್ನ ಸರಹದ್ದಿನದಲ್ಲದ ಪ್ರಕರಣಕ್ಕೆ ಆ ಸಾಲಿನ ಸಂಖ್ಯೆ ಕೊಡಲಾಗದ ಕಾರಣ ಸೊನ್ನೆ ಹಾಕಿ, ಸಂಬಂಧಪಟ್ಟ ಠಾಣೆಗೆ ಕಳಿಸುತ್ತದೆ. ಅಲ್ಲಿ ಅದಕ್ಕೆ ಮಾಮೂಲಿ ಅಪರಾಧ ಸಂಖ್ಯೆ ಸಿಗುತ್ತದೆ. ಕಡತವನ್ನು ಸಾಗಿಸುವ ಹೊಣೆ ಪೊಲೀಸರದು, ನಿಮ್ಮದಲ್ಲ.

ಇನ್ನು, ಬಸ್ಸು ಎಲ್ಲಿತ್ತೋ ತಿಳಿಯದು ಎಂದು ನೀವು ತಪ್ಪೊಪ್ಪಿಕೊಂಡಂತೆ ಬರೆದಿದ್ದೀರಿ. ಹಾವೇರಿ, ದಾವಣಗೆರೆ, ಚಿತ್ರದುರ್ಗ, ತುಮಕೂರು ಎಂದು ಜಿಲ್ಲೆಯ ಮೇಲೆ ಜಿಲ್ಲೆ ದಾಟುವ ಬಸ್ಸಿನಲ್ಲಿ, ಕತ್ತಲಲ್ಲಿ, ಅದು ಯಾರಿಗೆ ತಿಳಿದೀತು? ಕಾನೂನು ಬರೆದವರಿಗೆ ಈ ತೊಡಕು ಹೊಳೆದಿತ್ತು. ಪ್ರಯಾಣದಲ್ಲಿ ನಡೆದ ಅಪರಾಧವನ್ನು, ಆ ಪ್ರಯಾಣದಲ್ಲಿ ಹಾದುಹೋದ ಅಥವಾ ಪ್ರವೇಶಿಸಿದ ಯಾವ ಪ್ರದೇಶದ ನ್ಯಾಯಾಲಯವಾದರೂ ವಿಚಾರಣೆ ಮಾಡಬಹುದು ಎಂದು ನಾಗರಿಕ ಸುರಕ್ಷಾ ಸಂಹಿತೆಯ 203ನೇ ಕಲಂ ಹೇಳುತ್ತದೆ. ಪ್ರಯಾಣ ಮುಗಿದದ್ದು ಬೆಂಗಳೂರಿನಲ್ಲಿ. ಹಾಗಾಗಿ ಸೊನ್ನೆಯ ಮಾತು ಬದಿಗಿರಲಿ, ‘ನಮ್ಮ ಸರಹದ್ದಲ್ಲ’ ಎಂಬ ಮಾತೇ ನಿಮ್ಮ ವಿಷಯದಲ್ಲಿ ನಿಲ್ಲುವುದಿಲ್ಲ.

ಮತ್ತೆ ಹೋದಾಗ ಟಿಕೆಟ್ ಒಯ್ಯಿರಿ. ನಿಮ್ಮ ಸೀಟಿನ ಸಂಖ್ಯೆಯಿಂದ ಹಿಂದಿನ ಸೀಟಿನದು ತಿಳಿಯುತ್ತದೆ, ಕಾದಿರಿಸಿದ ಸೀಟಾಗಿದ್ದರೆ ಬುಕಿಂಗ್ ದಾಖಲೆಯಲ್ಲಿ ಅವನ ಜಾಡು ಸಿಗುತ್ತದೆ. ಬಸ್ಸು ಚಹಾಕ್ಕೆ ನಿಂತದ್ದು ಘಟನೆಗೆ ಮೊದಲೋ ಆಮೇಲೋ ಎಂಬುದನ್ನೂ ಬರೆಸಿ. ಊರಿನ ಹೆಸರಿಗಿಂತ ಇದು ತನಿಖೆಗೆ ಹೆಚ್ಚು ಉಪಯುಕ್ತ. ಆಗಲೂ ನಿರಾಕರಿಸಿದರೆ ಲಿಖಿತ ಹಿಂಬರಹ ಕೇಳಿ, ಅಂದರೆ ದೂರನ್ನು ಏಕೆ ತೆಗೆದುಕೊಳ್ಳಲಿಲ್ಲ ಎಂದು ಬರೆದುಕೊಡಲು ಹೇಳಿ. ಕೇಳಿದ ಕೂಡಲೇ ಎಷ್ಟೋ ಸಲ ದೂರು ದಾಖಲಾಗಿಬಿಡುತ್ತದೆ, ಏಕೆಂದರೆ 74ನೇ ಕಲಮಿನಂಥ ಅಪರಾಧದ ಮಾಹಿತಿಯನ್ನು ದಾಖಲಿಸದ ಅಧಿಕಾರಿಗೆ ನ್ಯಾಯ ಸಂಹಿತೆಯ 199ನೇ ಕಲಮಿನಲ್ಲಿ 6 ತಿಂಗಳಿಂದ 2 ವರ್ಷಗಳ ಕಠಿಣ ಸೆರೆವಾಸವಿದೆ. ಆಗಲೂ ಆಗದಿದ್ದರೆ ದೂರಿನ ಸಾರಾಂಶವನ್ನು ಮೇಲಧಿಕಾರಿಗೆ ಅಂಚೆಯಲ್ಲಿ ಕಳಿಸಬೇಕು, ಆಮೇಲೆ ಮ್ಯಾಜಿಸ್ಟ್ರೇಟರ ಮೊರೆ ಹೋಗಬೇಕು.

ರೈಲಾಗಿದ್ದರೆ ಇಳಿಯುವ ಅಗತ್ಯವೂ ಇಲ್ಲ. ದೂರಿನ ನಮೂನೆ ಟಿಟಿಇ ಬಳಿಯೇ ಇರುತ್ತದೆ, ಸಹಾಯವಾಣಿ 139. ಆ ಸಂಖ್ಯೆಯನ್ನು ಬರೆಯುವಾಗಲೆಲ್ಲ ನನಗೆ ಯಾರೂ ಕೇಳದ ಇನ್ನೊಂದು ಪ್ರಶ್ನೆ ನೆನಪಾಗುತ್ತದೆ: ಒಬ್ಬಳೇ ಹೊರಟವಳ ಟಿಕೆಟ್ ಕಳೆದುಹೋಗಿ, ದಂಡ ಕಟ್ಟಲು ಹಣವೂ ಇಲ್ಲದಿದ್ದರೆ ಅವಳನ್ನು ನಡುರಾತ್ರಿ ರೈಲಿನಿಂದ ಇಳಿಸಬಹುದೇ? ಇಳಿಸುವಂತಿಲ್ಲ. 1989ರ ರೈಲ್ವೆ ಕಾಯ್ದೆಯಲ್ಲಿ ಇದನ್ನು ಹೇಳುವ ಕಲಮಿನ ಸಂಖ್ಯೆಯೂ ಕಾಕತಾಳೀಯವಾಗಿ 139. ಪುರುಷರು ಜೊತೆಗಿಲ್ಲದ ಹೆಂಗಸನ್ನು ಅವಳು ಹತ್ತಿದ ನಿಲ್ದಾಣ, ಜಂಕ್ಷನ್, ರೈಲಿನ ಕೊನೆಯ ನಿಲ್ದಾಣ ಅಥವಾ ಜಿಲ್ಲಾ ಕೇಂದ್ರದಲ್ಲಿ ಮಾತ್ರ, ಅದೂ ಹಗಲಿನಲ್ಲಿ ಮಾತ್ರ ಇಳಿಸಬಹುದು. ಬಾಣಾವರದಂಥ ಸಣ್ಣ ನಿಲ್ದಾಣದಲ್ಲಿ ಅವಳನ್ನು ಇಳಿಸುವಂತಿಲ್ಲ. ಅರಸೀಕೆರೆ ಜಂಕ್ಷನ್ನಿನಲ್ಲಾದರೂ ಬೆಳಕು ಹರಿದಿರಬೇಕು. ಟಿಕೆಟ್ಟಿನ ಹಣವನ್ನೇನೋ ಅವಳು ಕಟ್ಟಲೇಬೇಕು.