ಸಿನಿಮಾದ ಬೆಕ್ಕು ಹೇಳಿದ ಮಾತು ಕೇಳುವುದು ಹೇಗೆ?

ಪ್ರಶ್ನೆ: ನಮ್ಮ ಮನೆಯ ಬೆಕ್ಕು ಎಷ್ಟು ಕೂಗಿದರೂ ಕಿವಿ ಆಡಿಸುತ್ತದೆಯೇ ಹೊರತು ಒಲೆಯ ಪಕ್ಕದಿಂದ ಏಳುವುದಿಲ್ಲ. ಸಿನಿಮಾದ ಬೆಕ್ಕು ಮಾತ್ರ ಹೇಳಿದಲ್ಲಿ ಕೂರುವುದು ಹೇಗೆ? (ಓದುಗರು, ತೀರ್ಥಹಳ್ಳಿ)

ಉತ್ತರ: ಮೊದಲನೆಯದಾಗಿ, ತೆರೆಯ ಮೇಲೆ ನೀವು ನೋಡುವುದು ಅನೇಕ ವೇಳೆ ಒಂದೇ ಬೆಕ್ಕನ್ನಲ್ಲ. ಬಣ್ಣ, ಗಾತ್ರ ಹೊಂದುವ ಮೂರು ನಾಲ್ಕು ಬೆಕ್ಕುಗಳನ್ನು ತಂದು, ತೊಡೆಯ ಮೇಲೆ ಸುಮ್ಮನೆ ಮಲಗುವಂಥದ್ದಕ್ಕೆ ಮಲಗುವ ಶಾಟನ್ನೂ ಚುರುಕಿನದಕ್ಕೆ ಓಡುವ ಶಾಟನ್ನೂ ಹಂಚಿ, ಸಂಕಲನದಲ್ಲಿ ಎಲ್ಲವನ್ನೂ ಒಂದೇ ಪಾತ್ರವಾಗಿ ಜೋಡಿಸುತ್ತಾರೆ. 1979ರ ‘ಏಲಿಯನ್’ ಚಿತ್ರದ ಜೋನ್ಸ್ ಎಂಬ ಬೆಕ್ಕಿನ ಪಾತ್ರಕ್ಕೆ ನಾಲ್ಕು ಬೆಕ್ಕುಗಳು ಬೇಕಾದವು. ಅದು ಬೆದರಿ ಬುಸುಗುಟ್ಟುವ ದೃಶ್ಯಕ್ಕಾಗಿ ಮರೆಯಲ್ಲಿಟ್ಟಿದ್ದ ನಾಯಿಯೊಂದನ್ನು ಥಟ್ಟನೆ ತೋರಿಸಿದ್ದರಂತೆ; ಇದನ್ನು ಜಾಣತನವೆಂದು ಮೆಚ್ಚಲು ನನಗೆ ಮನಸ್ಸಿಲ್ಲ. ನಮ್ಮ ದೇಶದಲ್ಲಾದರೆ 2001ರ ನಿಯಮಗಳ ಪ್ರಕಾರ, ಚಿತ್ರೀಕರಣಕ್ಕೆ ಬಳಸುವ ಪ್ರಾಣಿಯನ್ನು, ಅದು ಮನೆಯ ಬೆಕ್ಕೇ ಆಗಿದ್ದರೂ, ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿಯಲ್ಲಿ ನೋಂದಾಯಿಸಬೇಕು.

ಇನ್ನು ತರಬೇತಿಯ ವಿಷಯ. ಅದರ ಗುಟ್ಟು ನಿಮ್ಮ ಕೊಟ್ಟಿಗೆಯಲ್ಲೇ ಇದೆ. ಹಾಲು ಕರೆಯಲು ಕೂತು, ಖಾಲಿ ತಂಬಿಗೆಯ ತಳಕ್ಕೆ ಮೊದಲ ಧಾರೆ ಬಿದ್ದ ಸದ್ದಾಯಿತೆಂದರೆ, ಅಡಿಕೆ ಅಟ್ಟದ ಮೇಲೆ ಮಲಗಿದ್ದ ಬೆಕ್ಕು ಯಾರೂ ಕರೆಯದೆಯೇ ಬಾಗಿಲಲ್ಲಿ ಹಾಜರಾಗುತ್ತದೆ. ಆ ಸದ್ದಿನ ಬೆನ್ನಿಗೇ ಹಾಲು ಸಿಗುತ್ತದೆಂಬುದನ್ನು ಅದು ತಾನಾಗಿಯೇ ಕಲಿತಿರುತ್ತದೆ. ತರಬೇತುದಾರರ ಕೈಯಲ್ಲಿರುವ ಕ್ಲಿಕ್ಕರ್ ಎಂಬ ಪುಟ್ಟ ಸಾಧನ ಮಾಡುವುದೂ ಇದೇ ಕೆಲಸವನ್ನು. ಬೆಕ್ಕು ಗುರುತು ಮಾಡಿದ ಜಾಗದಲ್ಲಿ ಕಾಲಿಟ್ಟ ಕ್ಷಣವೇ ‘ಟಿಕ್’ ಎನಿಸಿ ಮೀನಿನ ತುಣುಕು ಕೊಟ್ಟರೆ, ಕೆಲವೇ ದಿನಗಳಲ್ಲಿ ಅದು ಆ ಜಾಗವನ್ನೇ ಹುಡುಕಿಕೊಂಡು ಹೋಗುತ್ತದೆ. ಆದರೆ ಹೊಟ್ಟೆ ತುಂಬಿದ ಮೇಲೆ ಯಾವ ನಿರ್ದೇಶಕರ ಮಾತೂ ನಡೆಯದಾದ್ದರಿಂದ, ಊಟಕ್ಕೆ ಮೊದಲು, ಅದೂ ಕೆಲವೇ ನಿಮಿಷಗಳ ಮಟ್ಟಿಗೆ, ಈ ಅಭ್ಯಾಸ ನಡೆಸುತ್ತಾರೆ.

ತರಬೇತಿಯೇ ಇಲ್ಲದೆ ಹೆಸರಾದ ಬೆಕ್ಕೂ ಉಂಟು. 1972ರ ‘ದಿ ಗಾಡ್‌ಫಾದರ್’ ಚಿತ್ರದ ಆರಂಭದಲ್ಲಿ ಮಾರ್ಲನ್ ಬ್ರಾಂಡೊ ತೊಡೆಯ ಮೇಲಿರುವುದು ಸ್ಟುಡಿಯೊದಲ್ಲಿ ಅಲೆಯುತ್ತಿದ್ದ ಬೀದಿಬೆಕ್ಕು. ಬ್ರಾಂಡೊ ಕೈಯ ನೇವರಿಕೆಗೆ ಅದು ಎಷ್ಟು ಜೋರಾಗಿ ಗುರ್‌ಗುಟ್ಟಿತೆಂದರೆ, ನಟರ ಮಾತುಗಳೇ ಆ ಸದ್ದಿನಲ್ಲಿ ಮುಳುಗಿಹೋಗಿದ್ದವು.