ಪದ ಪರಿಚಯ: ಪರ್ಸೆಂಟೈಲ್

ಮಗುವಿನ ತೂಕ ನೋಡಿ ಡಾಕ್ಟರು '15ನೇ ಪರ್ಸೆಂಟೈಲ್' ಅಂದರೆ ದಾವಣಗೆರೆಯ ಎಷ್ಟೋ ಮನೆಗಳಲ್ಲಿ ಅವತ್ತು ಊಟ ಸೇರುವುದಿಲ್ಲ. ಪರೀಕ್ಷೆಯಲ್ಲಿ 100ಕ್ಕೆ 15 ಬಂದಂತೆ ಕೇಳಿಸುತ್ತದೆ. 'ನಿನ್ನ ಹಾಲು ಸಾಲ್ತಿಲ್ಲವ್ವ, ಡಬ್ಬಿ ಹಾಲು ಹಾಕು' ಎಂದು ಅತ್ತೆ ಶುರು ಮಾಡುತ್ತಾರೆ. ಪಾಪ, ಬಾಣಂತಿ ಕಣ್ಣೀರು ಹಾಕುತ್ತಾಳೆ.

ಇದು ಮಾರ್ಕ್ಸ್ ಅಲ್ಲ. ಮಗು ಹೆಣ್ಣು ಎಂದಿಟ್ಟುಕೊಳ್ಳಿ. ಅದೇ ವಯಸ್ಸಿನ 100 ಹೆಣ್ಣು ಮಕ್ಕಳನ್ನು ತೂಕದ ಪ್ರಕಾರ ಸಾಲಾಗಿ ನಿಲ್ಲಿಸಿದರೆ ಸುಮಾರು 15 ಮಕ್ಕಳು ಈ ಮಗುವಿಗಿಂತ ಹಗುರ, ಮಿಕ್ಕವರು ಭಾರ. ಅಷ್ಟೇ ಅರ್ಥ. ಆ ಜಾಗದಲ್ಲೂ ಯಾರಾದರೂ ಇರಲೇಬೇಕಲ್ವಾ?

ಆ ಸಾಲಿನಲ್ಲಿ ಯಾರ ಮಕ್ಕಳಿದ್ದಾರೆ ಎನ್ನುವುದೂ ಮುಖ್ಯ. ಮಕ್ಕಳ ಬೆಳವಣಿಗೆ ಅಳೆಯುವ 1977ರ ಅಮೆರಿಕದ ಚಾರ್ಟನ್ನು ಬಹಳ ವರ್ಷ ಹಲವು ದೇಶಗಳು ಬಳಸಿದವು. ಅದರಲ್ಲಿದ್ದ ಎಳೆಯ ಮಕ್ಕಳಲ್ಲಿ ಹೆಚ್ಚಿನವರು ಡಬ್ಬಿ ಹಾಲು ಕುಡಿದವರು. ಎದೆಹಾಲಿನ ಮಕ್ಕಳು ಮೊದಲ ಕೆಲವು ತಿಂಗಳಾದ ಮೇಲೆ ಅವರಷ್ಟು ಬೇಗ ತೂಕ ಏರುವುದಿಲ್ಲ. ಹಾಗಾಗಿ ಚೆನ್ನಾಗಿದ್ದ ಮಕ್ಕಳೂ ಆ ಚಾರ್ಟಿನಲ್ಲಿ ಹಿಂದೆ ಬಿದ್ದಂತೆ ಕಾಣುತ್ತಿದ್ದರು. ಈ ತಪ್ಪು ಸರಿಮಾಡಲು ವಿಶ್ವ ಆರೋಗ್ಯ ಸಂಸ್ಥೆ ಭಾರತವೂ ಸೇರಿ 6 ದೇಶಗಳಲ್ಲಿ, ಎದೆಹಾಲು ಕುಡಿದು ಬೆಳೆದ ಮಕ್ಕಳ ತೂಕ, ಉದ್ದ ಅಳೆದು 2006ರಲ್ಲಿ ಹೊಸ ಚಾರ್ಟ್ ತಂದಿತು. ನಮ್ಮ ತಾಯಿ ಕಾರ್ಡಿನಲ್ಲಿರುವ ಬಣ್ಣದ ಗೆರೆಗಳು ಅದರಿಂದಲೇ ಬಂದವು.

ಈಗ ಇಬ್ಬರು ಹುಡುಗಿಯರನ್ನು ನೋಡಿ. 9 ತಿಂಗಳಿಗೆ ಇಬ್ಬರದೂ 7.3 ಕೆಜಿ. ಇಬ್ಬರೂ 15ನೇ ಪರ್ಸೆಂಟೈಲ್. ಆದರೆ ಒಬ್ಬಳು 6 ತಿಂಗಳಿದ್ದಾಗ 6.4 ಕೆಜಿ ಇದ್ದಳು. ಆಗಲೂ 15ನೇ ಜಾಗವೇ. ಅವಳ ಗೆರೆ ಅವಳ ದಾರಿಯಲ್ಲೇ ಮೇಲೇರುತ್ತಿದೆ, ಗಾಬರಿ ಬೇಡ. ಇನ್ನೊಬ್ಬಳು 6 ತಿಂಗಳಿಗೇ 7.3 ಇದ್ದಳು, ಅಂದರೆ ಸರಿಯಾಗಿ ಸಾಲಿನ ನಡುವೆ. 3 ತಿಂಗಳಿಂದ ತೂಕ ಏರಿಯೇ ಇಲ್ಲ! ಮೇಲಾಹಾರ ಸಾಕಾಗುತ್ತಿಲ್ಲವೋ, ಪದೇ ಪದೇ ಭೇದಿಯೋ, ಬೇರೆ ಕಾಯಿಲೆಯೋ, ಡಾಕ್ಟರು ನೋಡಲೇಬೇಕು. ಇವತ್ತಿನ ಒಂದು ಚುಕ್ಕಿ ಮಾತ್ರ ನೋಡಿದರೆ ಇವರಿಬ್ಬರ ವ್ಯತ್ಯಾಸ ಗೊತ್ತೇ ಆಗುವುದಿಲ್ಲ.

ಆದ್ದರಿಂದ ಅಂಗನವಾಡಿಯಲ್ಲಿ ತೂಕ ಮಾಡಿದಾಗ 'ಎಷ್ಟಿದೆ?' ಎಂದು ಕೇಳಿ ಸುಮ್ನೆ ಬರಬೇಡಿ. ಟೀಚರ್ ಹತ್ತಿರ ಕಾರ್ಡಿನಲ್ಲಿ ಚುಕ್ಕಿ ಹಾಕಿಸಿ, ಹಿಂದಿನ ಚುಕ್ಕಿಗೆ ಗೆರೆ ಎಳೆಸಿ. ಬಾಣಂತನಕ್ಕೆ ಹೊಳಲ್ಕೆರೆಗೋ ಜಗಳೂರಿಗೋ ತವರಿಗೆ ಹೋಗುವಾಗ ಕಾರ್ಡ್ ಜೊತೆಗಿರಲಿ. ಎಷ್ಟೋ ಮಕ್ಕಳ ಮೊದಲ ತಿಂಗಳುಗಳ ತೂಕ ಬರೆಯದೆ ಹೋಗುವುದು ಆಗಲೇ.

ಹುಟ್ಟಿದ ಮೊದಲ ಕೆಲವು ದಿನ ತೂಕ ಸ್ವಲ್ಪ ಇಳಿಯುವುದು ಸಹಜ. ಸಾಮಾನ್ಯವಾಗಿ 2 ವಾರದೊಳಗೆ ಮರಳಿ ಬರುತ್ತದೆ. ದಿನ ತುಂಬುವ ಮುಂಚೆ ಹುಟ್ಟಿದ ಮಗುವಿನ ಲೆಕ್ಕ ಬೇರೆ. 2 ತಿಂಗಳು ಮುಂಚೆ ಹುಟ್ಟಿದ್ದರೆ, 6 ತಿಂಗಳಾದಾಗ ಚಾರ್ಟಿನಲ್ಲಿ 4 ತಿಂಗಳ ಜಾಗದಲ್ಲಿ ಚುಕ್ಕಿ ಇಡಬೇಕು.