ಮಾಶಿ ಪ್ರಯೋಗದ ಅಂಕಿಗಳನ್ನು ಓದುವಾಗ ಎಡವುವ ಜಾಗ

ಸೆಟ್ಸ್ವಾನಾ ಭಾಷೆಯಲ್ಲಿ ಮಾಶಿ ಎಂದರೆ ಹಾಲು. ಬೋಟ್ಸ್ವಾನಾದ ಗ್ಯಾಬರೋನ್, ಲೊಬಾತ್ಸೆ, ಮೊಲೆಪೊಲೊಲೆ, ಮೊಚುಡಿ ಊರುಗಳಲ್ಲಿ 2001ರಿಂದ 2003ರವರೆಗೆ 1200 ಎಚ್‌ಐವಿ ಸೋಂಕಿತ ಗರ್ಭಿಣಿಯರನ್ನು ಸೇರಿಸಿಕೊಂಡು ನಡೆದ ಪ್ರಯೋಗವಿದು. ಎಚ್‌ಐವಿ ಎದೆಹಾಲಿನಿಂದಲೂ ಮಗುವಿಗೆ ತಗಲುತ್ತದೆ, ಹಾಗಾದರೆ ಕೂಸಿಗೆ ಯಾವ ಹಾಲು ಕೊಡಬೇಕು ಎಂಬುದು ಪ್ರಶ್ನೆ. ಎಲ್ಲ ತಾಯಂದಿರಿಗೂ ಗರ್ಭದ 34ನೇ ವಾರದಿಂದ ಎಚ್‌ಐವಿ ತಡೆಯುವ ಜಿಡೊವುಡಿನ್ ಮಾತ್ರೆ ಕೊಟ್ಟರು. ಒಂದು ಗುಂಪಿನ ಕೂಸಿಗೆ ಪುಡಿಹಾಲು, ಜೊತೆಗೆ ಒಂದು ತಿಂಗಳು ಜಿಡೊವುಡಿನ್. ಇನ್ನೊಂದು ಗುಂಪಿಗೆ ಎದೆಹಾಲು, ಜೊತೆಗೆ ಆರು ತಿಂಗಳು ಅದೇ ಔಷಧ. ನೆವಿರಾಪಿನ್ ಎಂಬ ಮತ್ತೊಂದು ಎಚ್‌ಐವಿ ಔಷಧದ ಬಗ್ಗೆ ಇನ್ನೊಂದು ಹೋಲಿಕೆಯೂ ಇತ್ತು. ಈ ಟಿಪ್ಪಣಿಗೆ ಅದು ಬೇಡ.

ಮೂರು ಸಾಲು ಬರೆದಿಟ್ಟುಕೊಳ್ಳಿ:

7 ತಿಂಗಳಿಗೆ ಸೋಂಕು: ಪುಡಿಹಾಲು 5.6%, ಎದೆಹಾಲು 9.0%
7 ತಿಂಗಳಿಗೆ ಸಾವು: ಪುಡಿಹಾಲು 9.3%, ಎದೆಹಾಲು 4.9%
18 ತಿಂಗಳಿಗೆ ಸೋಂಕು ಅಥವಾ ಸಾವು: ಪುಡಿಹಾಲು 13.9%, ಎದೆಹಾಲು 15.1%

ಎಡವುವುದು ಇಲ್ಲೇ

ಮೊದಲ ಸಾಲನ್ನಷ್ಟೇ ಓದಿದರೆ ಪುಡಿಹಾಲು ಗೆದ್ದ ಹಾಗೆ ಕಾಣುತ್ತದೆ. ಆದರೆ ಮೂರನೇ ತಿಂಗಳಲ್ಲಿ ಭೇದಿಯಿಂದ ತೀರಿಕೊಂಡ ಕೂಸಿಗೆ ಐದನೇ ತಿಂಗಳಲ್ಲಿ ಸೋಂಕು ತಗಲಲು ಸಾಧ್ಯವೇ ಇಲ್ಲ. ಅಂದರೆ ಬೇಗ ಬಂದ ಸಾವು ಸೋಂಕಿನ ಅಂಕಿಯನ್ನು ತಗ್ಗಿಸಿ ತೋರಿಸುತ್ತದೆ. ವಿಪರೀತದ ಉದಾಹರಣೆ ಹಾಕಿ ನೋಡಿ: ಸೋಂಕಿಲ್ಲದೆ ಹುಟ್ಟಿದ 100 ಕೂಸುಗಳೂ ಎರಡನೇ ದಿನವೇ ಸತ್ತರೆ ಹಾಲಿನಿಂದ ಹರಡಿದ ಸೋಂಕು 0%. ಆ ಸೊನ್ನೆಯನ್ನು ಯಾರೂ ಗೆಲುವು ಎನ್ನಲಾರರು. ಹೀಗಾಗಿಯೇ ಎಣಿಸಬೇಕಾದದ್ದು ಸೋಂಕಿಲ್ಲದೆ ಬದುಕಿ ಉಳಿದ ಮಕ್ಕಳನ್ನು. ಮೂರನೇ ಸಾಲನ್ನು 100ರಿಂದ ಕಳೆದರೆ ಅದು ಸಿಗುತ್ತದೆ.

ಎರಡನೇ ತಪ್ಪು, ಸೋಂಕು ಮತ್ತು ಸಾವನ್ನು ಕೂಡಿಬಿಡುವುದು. ಸೋಂಕು ತಗುಲಿ ಆಮೇಲೆ ಸತ್ತ ಕೂಸು ಎರಡೂ ಸಾಲಿನಲ್ಲಿರುತ್ತದೆ; ಕೂಡಿದರೆ ಎರಡು ಸಲ ಎಣಿಸಿದಂತೆ. ಇಲ್ಲಿ ಒಂದು ಕೆಟ್ಟ ಕಾಕತಾಳೀಯವೂ ಇದೆ: ಎದೆಹಾಲಿನ ಗುಂಪಿನ 9.0ಕ್ಕೆ 4.9 ಕೂಡಿಸಿದರೆ 13.9 ಬರುತ್ತದೆ. ಅದು ಮೂರನೇ ಸಾಲಿನಲ್ಲೂ ಇದೆ, ಆದರೆ ಪುಡಿಹಾಲಿನ ಕೆಳಗೆ, ಬೇರೆ ವಯಸ್ಸಿಗೆ. ಎರಡಕ್ಕೂ ಸಂಬಂಧವಿಲ್ಲ.

ಕೂಡುವ ಬದಲು ಕಳೆಯಿರಿ. 18 ತಿಂಗಳಿಗೆ ಸಾವು ಪುಡಿಹಾಲಿನಲ್ಲಿ 10.7%, ಎದೆಹಾಲಿನಲ್ಲಿ 8.5%. ಒಟ್ಟು ಅಂಕಿಯಿಂದ ಸಾವನ್ನು ಕಳೆದರೆ ಸೋಂಕಿನೊಡನೆ ಬದುಕಿರುವ ಮಕ್ಕಳು ಉಳಿಯುತ್ತಾರೆ: 13.9 − 10.7, ಸುಮಾರು 3.2, 15.1 − 8.5, ಸುಮಾರು 6.6. ಪುಡಿಹಾಲಿನಿಂದ ಸೋಂಕಿನಲ್ಲಿ 3.4 ಲಾಭ, ಸಾವಿನಲ್ಲಿ 2.2 ನಷ್ಟ. ನಿವ್ವಳ ಲಾಭ 1.2. ಅಷ್ಟು ಅಂತರ ಬರೀ ಆಕಸ್ಮಿಕದಿಂದಲೂ ಬರಬಹುದು, ಆದ್ದರಿಂದ ಎರಡು ಗುಂಪೂ ಸಮ ಎಂದೇ ಓದಬೇಕು. ಈ ಕಳೆಯುವ ಲೆಕ್ಕ ಅಂದಾಜಿನದು, ಆದರೆ ಇಂಥ ಯಾವ ಕೋಷ್ಟಕ ಸಿಕ್ಕರೂ ಮೊದಲು ಇದನ್ನೇ ಮಾಡಿ.

ಎದೆಹಾಲೇ ಕುಡಿಯದವರಿಗೆ 5.6% ಎಲ್ಲಿಂದ?

ಗರ್ಭದಲ್ಲಿ ಮತ್ತು ಹೆರಿಗೆಯಲ್ಲಿ ತಗುಲಿದ್ದು. ತಾಯಿಯ ಪ್ರತಿಕಾಯಗಳು ಮಗುವಿನ ರಕ್ತದಲ್ಲಿ 18 ತಿಂಗಳವರೆಗೂ ಉಳಿಯಬಹುದಾದ್ದರಿಂದ ಸಾಮಾನ್ಯ ಪ್ರತಿಕಾಯ ಪರೀಕ್ಷೆ ಇಲ್ಲಿ ಸಾಲದು, ವೈರಸ್ಸನ್ನೇ ಹುಡುಕುವ ಪಿಸಿಆರ್ ಬೇಕು. ಹುಟ್ಟಿದಾಗಲೇ ಪಾಸಿಟಿವ್ ಆದರೆ ಗರ್ಭದ ಸೋಂಕು. ಆಗ ನೆಗೆಟಿವ್ ಇದ್ದು 4–6 ವಾರಕ್ಕೆ ಪಾಸಿಟಿವ್ ಆದರೆ ಹೆರಿಗೆಯದೋ ಮೊದಲ ದಿನಗಳ ಹಾಲಿನದೋ, ಬಿಡಿಸಲು ಬಾರದು. ಅದಾದ ಮೇಲೆ ಮೊದಲ ಬಾರಿ ಕಂಡರೆ ಹಾಲಿನ ಲೆಕ್ಕ.

ಪುಡಿಹಾಲಿನ ಕೂಸುಗಳು ಸತ್ತದ್ದೇಕೆ

ಮುಖ್ಯವಾಗಿ ಭೇದಿ ಮತ್ತು ನ್ಯುಮೋನಿಯಾ. ಪುಡಿ ಉಚಿತವಾಗಿ ಸಿಕ್ಕರೂ ಪ್ರತಿ ಸಲ ಕುದಿಸಿದ ನೀರು, ತೊಳೆದ ಬಾಟಲಿ, ಸರಿಯಾದ ಅಳತೆ ಬೇಕು. ಎದೆಹಾಲಿನ ಜೊತೆ ಬರುವ ರಕ್ಷಕ ಪ್ರತಿಕಾಯಗಳಂತೂ ಪುಡಿಯಲ್ಲಿ ಇಲ್ಲವೇ ಇಲ್ಲ. 2005ರ ಕೊನೆಯಿಂದ ಸುರಿದ ಭಾರೀ ಮಳೆಯ ನಂತರ 2006ರಲ್ಲಿ ಬೋಟ್ಸ್ವಾನಾದಲ್ಲಿ ಭೇದಿ ಹಬ್ಬಿದಾಗ ಆಸ್ಪತ್ರೆ ಸೇರಿದ ಮಕ್ಕಳಲ್ಲಿ ಎದೆಹಾಲು ಕುಡಿಯದವರೇ ಬಹುಪಾಲು. ಪ್ರಯೋಗದ ಅಂಕಿ ಹೇಳಿದ್ದನ್ನೇ ಆ ಮಳೆಗಾಲ ಇನ್ನೂ ಕ್ರೂರವಾಗಿ ತೋರಿಸಿತು.

ಎರಡನ್ನೂ ಬೆರೆಸಿ ಕೊಡುವುದು ನಡುದಾರಿಯಲ್ಲ. ದಕ್ಷಿಣ ಆಫ್ರಿಕಾದ ಡರ್ಬನ್‌ನ 1999ರ ಅಧ್ಯಯನದಲ್ಲಿ ಮೂರು ತಿಂಗಳಿಗೆ ಸೋಂಕು ಬರೀ ಎದೆಹಾಲಿನವರಲ್ಲಿ 14.6%, ಎದೆಹಾಲನ್ನೇ ಕುಡಿಯದವರಲ್ಲಿ 18.8%, ಬೆರಕೆಯವರಲ್ಲಿ 24.1%. ಬೇರೆ ಆಹಾರ ಕರುಳಿನ ಎಳೆಯ ಒಳಪದರವನ್ನು ಕೆಣಕಿ ವೈರಸ್‌ಗೆ ದಾರಿ ಮಾಡಿಕೊಡುತ್ತದೆ ಎಂಬುದು ಹೆಚ್ಚಾಗಿ ಕೊಡುವ ವಿವರಣೆ. ಆದರೆ ಇಲ್ಲಿ ಮಾಶಿಯಂತೆ ಚೀಟಿ ಎತ್ತಿ ಗುಂಪು ಮಾಡಿರಲಿಲ್ಲ, ತಾಯಂದಿರೇ ಆರಿಸಿಕೊಂಡಿದ್ದರು. ಮಾಶಿಯಷ್ಟು ಗಟ್ಟಿ ಪುರಾವೆ ಎಂದು ಬರೆಯಬೇಡಿ.

ಕೊನೆಗೆ ಗಂಟು ಬಿಡಿಸಿದ್ದು ತಾಯಿಗೆ ಕೊಟ್ಟ ಪೂರ್ಣ ಚಿಕಿತ್ಸೆ. ಅದೇ ಬೋಟ್ಸ್ವಾನಾದಲ್ಲಿ ನಡೆದ ಮ್ಮಾ ಬಾನಾ ಪ್ರಯೋಗದಲ್ಲಿ ತಾಯಂದಿರು ಗರ್ಭಿಣಿಯಾಗಿದ್ದಾಗಿನಿಂದಲೇ ಮೂರು ಔಷಧ ನುಂಗುತ್ತ ಎದೆಹಾಲೂಡಿದರು. ಮಕ್ಕಳಿಗೆ ಹರಡಿದ ಸೋಂಕು 1.1%.